ಮಿಲ್ಟನ್ ನಮ್ಮ ಕ್ಲಾಸಿಗೆ ಬಂದದ್ದು ಹೇಗೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಅತಿಥಿ ಉಪನ್ಯಾಸಕಿ. ಕಳೆದ ವಾರ ಸ್ಟಾಫ್ ರೂಮಿನಲ್ಲಿ ದೊಡ್ಡ ವಾದವೇ ನಡೆಯಿತು. ಹಿರಿಯ ಸಹೋದ್ಯೋಗಿಯೊಬ್ಬರು, ‘ಇಂಗ್ಲಿಷ್ ಸಾಹಿತ್ಯವನ್ನು ಪಾಠ ಅಂತ ಶುರು ಮಾಡಿದ್ದೇ ಭಾರತದಲ್ಲಿ, ಇಂಗ್ಲೆಂಡಿನಲ್ಲಲ್ಲ. ನಮ್ಮವರನ್ನು ಮತಾಂತರ ಮಾಡೋದಕ್ಕೇ ಅದನ್ನು ತಂದರು. ಗೌರಿ ವಿಶ್ವನಾಥನ್ ಪುಸ್ತಕದಲ್ಲೇ ಇದೆ’ ಎಂದರು. ಮೊಬೈಲಿನಲ್ಲಿ ಮೆಕಾಲೆಯ ಒಂದು ಹೇಳಿಕೆಯನ್ನೂ ತೋರಿಸಿದರು. ನಾನು ಆ ಪುಸ್ತಕ ಓದಿಲ್ಲ ಸರ್. ಇದರಲ್ಲಿ ಎಷ್ಟು ನಿಜ? ನಿಜವೇ ಆಗಿದ್ದರೆ, ದಿನಾ ಮಿಲ್ಟನ್, ವರ್ಡ್ಸ್‌ವರ್ತ್ ಪಾಠ ಮಾಡುವ ನಾನು ಮಾಡುತ್ತಿರುವುದಾದರೂ ಏನು?

ಉತ್ತರ: ಮೊದಲು ಆ ಮೊಬೈಲಿನ ಮಾತನ್ನು ಮುಗಿಸಿಬಿಡೋಣ. ‘ಭಾರತದ ಉದ್ದಗಲ ಸುತ್ತಿದೆ, ಒಬ್ಬ ಭಿಕ್ಷುಕನನ್ನೂ ಒಬ್ಬ ಕಳ್ಳನನ್ನೂ ಕಾಣಲಿಲ್ಲ, ಈ ದೇಶದ ಬೆನ್ನುಮೂಳೆ ಮುರಿಯಬೇಕು’ ಎಂದು ಮೆಕಾಲೆ 1835ರ ಫೆಬ್ರವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಹೇಳಿದ ಎನ್ನುವ ಸಂದೇಶವೇ ಅದಾಗಿದ್ದರೆ, ಅದು ಕಟ್ಟುಕಥೆ. ಆ ದಿನ ಅವನು ಲಂಡನ್ನಿನಲ್ಲಿ ಇರಲೇ ಇಲ್ಲ, ಗವರ್ನರ್ ಜನರಲನ ಕೌನ್ಸಿಲ್ಲಿನ ಸದಸ್ಯನಾಗಿ ಕಲ್ಕತ್ತೆಯಲ್ಲಿದ್ದ. ಆ ತಾರೀಖಿನಲ್ಲಿ ಅವನು ನಿಜವಾಗಿ ಬರೆದದ್ದು ಶಿಕ್ಷಣದ ಬಗೆಗಿನ ಟಿಪ್ಪಣಿ. ಒಳ್ಳೆಯ ಯುರೋಪಿಯನ್ ಗ್ರಂಥಾಲಯದ ಒಂದು ಕಪಾಟಿನಷ್ಟು ಪುಸ್ತಕಗಳಿಗೆ ಭಾರತ ಮತ್ತು ಅರಬ್ ನಾಡುಗಳ ಇಡೀ ಸಾಹಿತ್ಯ ಸಮವಲ್ಲ ಎಂದೂ, ರಕ್ತ ಬಣ್ಣಗಳಲ್ಲಿ ಭಾರತೀಯರಾಗಿ ರುಚಿ, ಅಭಿಪ್ರಾಯ, ನೀತಿ, ಬುದ್ಧಿಗಳಲ್ಲಿ ಇಂಗ್ಲಿಷರಾದ ಒಂದು ವರ್ಗ ಬೇಕು ಎಂದೂ ಅದರಲ್ಲೇ ಇದೆ. ಅವನು ಬರೆದದ್ದೇ ಇಷ್ಟು ಘೋರವಾಗಿರುವಾಗ ಬರೆಯದ್ದನ್ನು ಅವನ ತಲೆಗೆ ಕಟ್ಟುವ ಅಗತ್ಯ ನಮಗಿಲ್ಲ.

ಇನ್ನು ಗೌರಿ ವಿಶ್ವನಾಥನ್. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಕಲಿಸಿದವರು. ನಿಮ್ಮ ಸಹೋದ್ಯೋಗಿ ಹೇಳಿದ ಪುಸ್ತಕ 1989ರಲ್ಲಿ ಬಂದ ‘ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್’, ಅಂದರೆ ಗೆಲುವಿನ ಮುಖವಾಡಗಳು. ಅದನ್ನು ಮೊದಲ ಸಲ ಓದಿದಾಗ ನಾನು ಇಂಗ್ಲಿಷ್ ಮೇಷ್ಟ್ರಾಗಿ ಆಗಲೇ ಹಲವು ವರ್ಷ ಕಳೆದಿದ್ದವು. ನಾನು ನಿಂತ ನೆಲವನ್ನೇ ಯಾರೋ ಅಗೆದು ತೋರಿಸಿದ ಹಾಗಾಗಿತ್ತು. ಹಾಗಾಗಿ ನಿಮ್ಮ ತಳಮಳ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ನಿಮ್ಮ ಸಹೋದ್ಯೋಗಿ ಆ ಪುಸ್ತಕದ ವಾದವನ್ನು ತಲೆಕೆಳಗು ಮಾಡಿ ಹೇಳಿದ್ದಾರೆ. ಮತಾಂತರ ಮಾಡುವುದಕ್ಕೆ ಇಂಗ್ಲಿಷ್ ಸಾಹಿತ್ಯ ಬಂತು ಎಂದು ಆಕೆ ಹೇಳುವುದಿಲ್ಲ. ಮತದ ವಿಷಯಕ್ಕೆ ಕೈ ಹಾಕಲು ಸರ್ಕಾರ ಹೆದರಿತು, ಆ ಹೆದರಿಕೆ ಉಳಿಸಿದ ಖಾಲಿ ಜಾಗಕ್ಕೆ ಸಾಹಿತ್ಯ ಬಂತು ಎನ್ನುತ್ತಾರೆ. ಎರಡಕ್ಕೂ ಅಜಗಜಾಂತರ.

ಆ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. 1806ರ ಜುಲೈನಲ್ಲಿ ವೆಲ್ಲೂರು ಕೋಟೆಯ ಸಿಪಾಯಿಗಳು ದಂಗೆ ಎದ್ದರು. ಹಣೆಯ ನಾಮ, ವಿಭೂತಿ ಅಳಿಸಬೇಕು, ಗಡ್ಡ ತೆಗೆಯಬೇಕು, ಹೊಸ ಮಾದರಿಯ ಟೋಪಿ ಹಾಕಬೇಕು ಎಂಬ ಆಜ್ಞೆ ಬಂದಾಗ ‘ನಮ್ಮ ಜಾತಿ ಕೆಡಿಸಿ ಕಿರಿಸ್ತಾನರನ್ನು ಮಾಡುತ್ತಾರೆ’ ಎಂಬ ಗುಮಾನಿ ಸಿಪಾಯಿಗಳಲ್ಲಿ ಹಬ್ಬಿತ್ತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಇಟ್ಟದ್ದೂ ಅದೇ ಕೋಟೆಯಲ್ಲಿ. ಮತದ ತಂಟೆಗೆ ಹೋದರೆ ರಾಜ್ಯವೇ ಹೋದೀತು ಎಂಬ ಪಾಠವನ್ನು ಆಗ ಇಲ್ಲಿ ಆಳುತ್ತಿದ್ದ ಈಸ್ಟ್ ಇಂಡಿಯಾ ಕಂಪನಿ ಅಲ್ಲಿ ಕಲಿಯಿತು.

ಏಳು ವರ್ಷದ ಮೇಲೆ, 1813ರಲ್ಲಿ, ಕಂಪನಿಯ ಸನ್ನದು ನವೀಕರಣವಾದಾಗ ಪಾರ್ಲಿಮೆಂಟು ಎರಡು ಕೆಲಸ ಮಾಡಿತು. ಅಷ್ಟು ದಿನ ಕಂಪನಿ ಹೊರಗಿಟ್ಟಿದ್ದ ಮಿಶನರಿಗಳಿಗೆ ದಾರಿ ತೆರೆಯಿತು. ಜೊತೆಗೆ ಸಾಹಿತ್ಯದ ಪುನರುಜ್ಜೀವನಕ್ಕೆ, ಇಲ್ಲಿನ ವಿದ್ವಾಂಸರ ಪ್ರೋತ್ಸಾಹಕ್ಕೆ, ವಿಜ್ಞಾನಗಳ ಬೋಧನೆಗೆ ಎಂದು ವರ್ಷಕ್ಕೆ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದಂತೆ ತೆಗೆದಿಡಬೇಕು ಎಂದಿತು. ಇಲ್ಲಿ ಒಂದು ಕ್ಷಣ ನಿಲ್ಲಿ. ಆ ಹೊತ್ತಿಗೆ ಇಂಗ್ಲೆಂಡಿನ ಬಡವರ ಮಕ್ಕಳ ಓದಿಗೆ ಅದೇ ಪಾರ್ಲಿಮೆಂಟು ಒಂದು ಬಿಡಿಗಾಸನ್ನೂ ಕೊಡುತ್ತಿರಲಿಲ್ಲ. ಅಲ್ಲಿನ ಶಾಲೆಗಳಿಗೆ ಮೊದಲ ಸರ್ಕಾರಿ ಅನುದಾನ, 20,000 ಪೌಂಡು, ಸಿಕ್ಕಿದ್ದು 1833ರಲ್ಲಿ. ತನ್ನ ಮಕ್ಕಳಿಗೆ ಮಾಡದ್ದನ್ನು ಸಾವಿರಾರು ಮೈಲಿ ಆಚೆಯವರಿಗೆ ಮಾಡಲು ಹೊರಟದ್ದು ಯಾಕೆ? ವಿಶ್ವನಾಥನ್ ಹಿಡಿದ ಎಳೆ ಇದು. ಇಲ್ಲಿ ಲೂಟಿ ಹೊಡೆದು ಊರಿಗೆ ಮರಳಿ ನವಾಬರಂತೆ ಮೆರೆಯುತ್ತಿದ್ದ ಕಂಪನಿ ಅಧಿಕಾರಿಗಳ ಮೇಲೆ ಪಾರ್ಲಿಮೆಂಟಿಗೆ ಸಿಟ್ಟಿತ್ತು, ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸನ ವಿಚಾರಣೆ 1788ರಿಂದ 1795ರವರೆಗೆ ನಡೆದಿತ್ತು. ಇಲ್ಲಿನವರ ‘ಹಿತ’ದ ಜವಾಬ್ದಾರಿ ಹೊರುವುದು, ಕಂಪನಿಗೆ ಮೂಗುದಾರ ಹಾಕುವ ಒಂದು ಬಗೆಯೂ ಆಗಿತ್ತು.

‘ಸಾಹಿತ್ಯ’ ಅಂದರೆ ಯಾರ ಸಾಹಿತ್ಯ ಎಂದು ಆ ಕಾಯ್ದೆ ಬಿಡಿಸಿ ಹೇಳಲಿಲ್ಲ. ಮುಂದಿನ ಇಪ್ಪತ್ತು ವರ್ಷದ ಜಗಳವೆಲ್ಲ ಆ ಒಂದು ಪದದ ಮೇಲೆ. ಸಂಸ್ಕೃತ, ಅರಬ್ಬಿ, ಪಾರಸಿಗೆ ದುಡ್ಡು ಹೋಗಲಿ ಎಂದವರು ಒಂದು ಕಡೆ, ಇಂಗ್ಲಿಷಿಗೆ ಹೋಗಲಿ ಎಂದವರು ಇನ್ನೊಂದು ಕಡೆ. ಮೆಕಾಲೆಯ ಟಿಪ್ಪಣಿ ಬಂದದ್ದು ಈ ಜಗಳದ ನಡುವೆ. ಅದರ ಬೆನ್ನಿಗೇ, 1835ರ ಮಾರ್ಚ್ 7ರಂದು, ಗವರ್ನರ್ ಜನರಲ್ ಬೆಂಟಿಂಕ್ ಇಂಗ್ಲಿಷಿನ ಪರ ನಿರ್ಣಯ ಹೊರಡಿಸಿದ. ಮೆಕಾಲೆಯೊಬ್ಬನೇ ಎಲ್ಲ ಮಾಡಿದ ಎಂಬ ನಮ್ಮ ಊರೂರ ನಂಬಿಕೆ ಸರಿಯಲ್ಲ. ಅವನು ಬರುವ ಹೊತ್ತಿಗೆ ಮುಕ್ಕಾಲು ದಾರಿ ಸವೆದಿತ್ತು.

ಈಗ ತೊಡಕಿನ ಜಾಗಕ್ಕೆ ಬರೋಣ. ಮಿಶನರಿಗಳಿಗೆ ಬೈಬಲ್ ಪಾಠ ಬೇಕು. ಸರ್ಕಾರ ತನ್ನ ಶಾಲೆಯಲ್ಲಿ ಬೈಬಲ್ ಪಾಠ ಬೇಡ ಎನ್ನುತ್ತದೆ, ಧಾರ್ಮಿಕ ತಟಸ್ಥನೀತಿ ಅದರದು. ಆದರೆ ಸುಮ್ಮನೆ ಬುದ್ಧಿ ಬೆಳೆಸಿ ನೀತಿ ಕಲಿಸದೆ ಬಿಟ್ಟರೆ ಪ್ರಜೆ ಕೈತಪ್ಪುತ್ತಾನೆ ಎಂಬ ಅಂಜಿಕೆ ಸರ್ಕಾರಕ್ಕೂ ಇತ್ತು. ಅದಕ್ಕೆ ಕಾರಣವೂ ಕಣ್ಣೆದುರಿಗಿತ್ತು. 1817ರಲ್ಲಿ ಶುರುವಾದ ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ಡಿರೋಜಿಯೊ ಎಂಬ ಇಪ್ಪತ್ತರ ಹರೆಯದ ಮೇಷ್ಟ್ರ ಶಿಷ್ಯರು ಸಿಕ್ಕ ದೇವರನ್ನೆಲ್ಲ ಪ್ರಶ್ನಿಸತೊಡಗಿದ್ದರು. 1831ರಲ್ಲಿ ಅವನನ್ನು ಕೆಲಸದಿಂದ ತೆಗೆಯುವವರೆಗೂ ಹೋಯಿತು. 1830ರಲ್ಲಿ ಕಲ್ಕತ್ತೆಗೆ ಬಂದ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಡಫ್, ಸರ್ಕಾರದ ಈ ದೇವರಿಲ್ಲದ ಓದು ಹಳೆಯ ನಂಬಿಕೆಯನ್ನು ಕೆಡವುತ್ತದೆ, ಆ ಜಾಗದಲ್ಲಿ ಹೊಸತನ್ನು ಕಟ್ಟುವುದಿಲ್ಲ ಎಂದು ಜೀವಮಾನವಿಡೀ ದೂರಿದ.

ಬೈಬಲ್ ಕೊಡುವ ಹಾಗಿಲ್ಲ, ನೀತಿ ಬಿಡುವ ಹಾಗಿಲ್ಲ. ಈ ಇಕ್ಕಟ್ಟಿನಲ್ಲಿ ಸಿಕ್ಕ ದಾರಿಯೇ ಸಾಹಿತ್ಯ. ಮಿಲ್ಟನ್, ಬೇಕನ್, ಅಡಿಸನ್ ಇವರನ್ನು ಓದಿದವನು ಬೈಬಲನ್ನು ಮುಟ್ಟದೆಯೂ ಕ್ರೈಸ್ತ ನೀತಿಯನ್ನು ಮೈಗೂಡಿಸಿಕೊಳ್ಳುತ್ತಾನೆ ಎಂಬ ಲೆಕ್ಕಾಚಾರ. 1852–53ರಲ್ಲಿ ಪಾರ್ಲಿಮೆಂಟಿನ ಸಮಿತಿಗಳ ಮುಂದೆ ಬಂದ ಸಾಕ್ಷಿಗಳಲ್ಲಿ ಈ ವಾದ ಬಾಯಿಬಿಟ್ಟೇ ಬರುತ್ತದೆ. ಭಾರತದ ಶಿಕ್ಷಣದ ಬಗ್ಗೆ ಲಂಡನ್ನಿನಿಂದ ಬಂದ ಮರುವರ್ಷದ ವುಡ್‌ನ ಆದೇಶಪತ್ರ ನೋಡಿ: ಬೈಬಲ್ ಕಾಲೇಜಿನ ಲೈಬ್ರರಿಯಲ್ಲಿ ಇರಬಹುದು, ಹುಡುಗರು ತಾವಾಗಿ ಬಂದು ಕೇಳಿದರೆ ಮೇಷ್ಟ್ರು ಪಾಠದ ವೇಳೆಯ ಆಚೆಗೆ ವಿವರಿಸಬಹುದು. ಕಪಾಟಿನಲ್ಲಿ ಬೈಬಲ್, ಮೇಜಿನ ಮೇಲೆ ಮಿಲ್ಟನ್.

ಇದು ಹೇಗೆ ನಡೆಯುತ್ತಿತ್ತು ಎಂದು ನೀವು ನಿಮ್ಮ ಕ್ಲಾಸಿನಲ್ಲೇ ನೋಡಬಹುದು. ಮಿಲ್ಟನ್ ತನ್ನ ಕುರುಡುತನದ ಬಗ್ಗೆ ಬರೆದ ಸಾನೆಟ್ ಪಾಠ ಮಾಡಿದ್ದೀರಲ್ಲ? ಬಚ್ಚಿಟ್ಟರೆ ಸಾವೇ ಗತಿ ಎನ್ನುವ ‘ಟ್ಯಾಲೆಂಟ್’ ಒಂದು ಮೂರನೆಯ ಸಾಲಿನಲ್ಲಿ ಬರುತ್ತದೆ. ಅದನ್ನು ಪ್ರತಿಭೆ ಎಂದಷ್ಟೇ ಹೇಳಿ ಮುಂದೆ ಹೋಗಲು ಬರುವುದಿಲ್ಲ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯಕ್ಕೆ ಹೋಗಲೇಬೇಕು: ಪರದೇಶಕ್ಕೆ ಹೊರಟ ಧಣಿ ಒಬ್ಬ ಆಳಿಗೆ ಐದು, ಇನ್ನೊಬ್ಬನಿಗೆ ಎರಡು, ಮೂರನೆಯವನಿಗೆ ಒಂದು ತಲಾಂತು (ಆ ಕಾಲದ ಹಣದ ದೊಡ್ಡ ಅಳತೆ, ಇಂಗ್ಲಿಷಿನಲ್ಲಿ ‘ಟ್ಯಾಲೆಂಟ್’) ಕೊಟ್ಟ, ಇಬ್ಬರು ದುಪ್ಪಟ್ಟು ಮಾಡಿದರು, ಮೂರನೆಯವನು ಹೆದರಿ ನೆಲದಲ್ಲಿ ಹೂತಿಟ್ಟು ಬೈಸಿಕೊಂಡ. ಯಾರೂ ಬೈಬಲ್ ಪಾಠ ಮಾಡಲಿಲ್ಲ, ಪದದ ಅರ್ಥ ಹೇಳಿದರು, ಅಷ್ಟೇ. ಆದರೆ ಗಂಟೆ ಹೊಡೆಯುವ ಹೊತ್ತಿಗೆ ಸುವಾರ್ತೆಯ ಒಂದು ಕಥೆ ಕ್ಲಾಸಿನೊಳಗೆ ಬಂದು ಕೂತಿರುತ್ತದೆ.

ಪುಸ್ತಕದ ಹೆಸರಿನಲ್ಲಿರುವ ಮುಖವಾಡ ಇದಕ್ಕಿಂತ ಆಳದ್ದು. ಕಂದಾಯ ವಸೂಲಿ ಮಾಡುವ, ಕಚೇರಿಯಲ್ಲಿ ಗದರುವ ಇಂಗ್ಲಿಷ್ ದೊರೆಯನ್ನು ಜನ ದಿನಾ ನೋಡುತ್ತಿದ್ದರು. ಪುಸ್ತಕದಲ್ಲಿ ಸಿಗುತ್ತಿದ್ದವನು ಬೇರೆ: ಉದಾತ್ತ, ನ್ಯಾಯವಂತ, ಸೂಕ್ಷ್ಮ ಮನಸ್ಸಿನವನು. ಓದಿದ ಹುಡುಗನಿಗೆ ಇಂಗ್ಲಿಷಿನವನು ಎಂದರೆ ಈ ಎರಡನೆಯವನೇ ನೆನಪಾಗಬೇಕು. ಆಳ್ವಿಕೆಯ ಒರಟು ಮುಖದ ಮೇಲೆ ಷೇಕ್ಸ್‌ಪಿಯರನ ಮುಖ. ನನಗೆ ಇದು ಆ ಪುಸ್ತಕದ ಅತ್ಯಂತ ಬಲವಾದ ಒಳನೋಟ. ಜೊತೆಗೆ ಇನ್ನೊಂದು ಮಾತನ್ನೂ ಆಕೆ ಒತ್ತಿ ಹೇಳುತ್ತಾರೆ: ಈ ಏರ್ಪಾಡು ಹುಟ್ಟಿದ್ದು ದೊರೆಗಳ ಭಯದಿಂದ. ಪಾರ್ಲಿಮೆಂಟು, ಕಂಪನಿ, ಮಿಶನರಿ, ಇಲ್ಲಿನ ಪ್ರಜೆಗಳು, ಹೀಗೆ ನಾಲ್ಕೂ ಕಡೆಯ ಒತ್ತಡದಲ್ಲಿ ಅದನ್ನು ಹೊಂದಿಸಿಕೊಳ್ಳಲಾಯಿತು. ಯಾರೋ ಒಬ್ಬ ಕೂತು ಬರೆದ ಸಂಚಿನ ನಕ್ಷೆ ಅಲ್ಲಿಲ್ಲ. ಪುಸ್ತಕದ ಕೊನೆಯ ಅಧ್ಯಾಯದ ಹೆಸರೇ ಇಂಗ್ಲಿಷಿನ ಸೋಲು ಎಂದು. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಇಂಗ್ಲಿಷ್ ಓದಿದವರಿಗೆ ಸರ್ಕಾರಿ ನೌಕರಿಯಲ್ಲಿ ಆದ್ಯತೆ ಎಂದು ನಿರ್ಣಯ ಮಾಡಿದ. ಆದರೆ ಓದಿದವರಷ್ಟು ಕುರ್ಚಿಗಳು ಇರಲಿಲ್ಲ, ಇದ್ದ ಮೇಲಿನ ಕುರ್ಚಿಗಳು ಬಿಳಿಯರಿಗೆ. ನೀತಿ ಕಲಿಸಲು ತಂದ ಸಾಹಿತ್ಯ ಪರೀಕ್ಷೆಗೆ ಉರು ಹೊಡೆಯುವ ಸಾಮಗ್ರಿಯಾಯಿತು.

‘ಇಂಗ್ಲೆಂಡಿಗಿಂತ ಮೊದಲು ಇಲ್ಲೇ’ ಎಂಬ ಮಾತು ಬಹುಮಟ್ಟಿಗೆ ಸರಿ, ಪೂರ್ತಿ ಸರಿಯಲ್ಲ. ಇಲ್ಲಿ 1820ರ ದಶಕದಲ್ಲೇ ಇಂಗ್ಲಿಷ್ ಸಾಹಿತ್ಯ ಪಠ್ಯವಾಗುತ್ತಿದ್ದಾಗ ಅಲ್ಲಿನ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಗ್ರೀಕ್ ಲ್ಯಾಟಿನ್ನಿನದೇ ದರ್ಬಾರು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಪ್ರತ್ಯೇಕ ವಿಷಯವಾದದ್ದು 1890ರ ದಶಕದಲ್ಲಿ, ಕೇಂಬ್ರಿಜ್ಜಿನಲ್ಲಿ ಪ್ರತ್ಯೇಕ ಪದವಿ ಪರೀಕ್ಷೆಯಾದದ್ದು 1917ರಲ್ಲಿ. ಆದರೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 1828ಕ್ಕೇ ಇಂಗ್ಲಿಷ್ ಪ್ರಾಧ್ಯಾಪಕ ಪೀಠ ಇತ್ತು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹ್ಯೂ ಬ್ಲೇರ್ 1762ರಿಂದಲೇ ಸಾಹಿತ್ಯದ ಪಾಠ ಹೇಳುತ್ತಿದ್ದ. ಆಮೇಲಿನ ವಿದ್ವಾಂಸರು ಇದನ್ನು ಎತ್ತಿ ತೋರಿಸಿದ್ದಾರೆ, ಅವರ ತಕರಾರು ನ್ಯಾಯವಾದದ್ದು. ನೀವು ಕ್ಲಾಸಿನಲ್ಲಿ ಹೇಳುವುದಾದರೆ ‘ಇಂಗ್ಲೆಂಡು’ ಎಂದೇ ಹೇಳಿ, ‘ಬ್ರಿಟನ್’ ಎನ್ನಬೇಡಿ.

ನನ್ನ ತಕರಾರು ಬೇರೆಯೇ ಇದೆ. ಈ ಪುಸ್ತಕದಲ್ಲಿ ಕಲಿಸಿದವರು ಮಾತಾಡುತ್ತಾರೆ, ಕಲಿತವರು ಮಾತಾಡುವುದಿಲ್ಲ. ದೊರೆಗಳ ಆಲೋಚನೆ ಹೇಗಿತ್ತು ಎನ್ನುವುದೇ ತನ್ನ ವಿಷಯ, ಇಲ್ಲಿನವರು ಹೇಗೆ ಸ್ವೀಕರಿಸಿದರು ಎನ್ನುವುದು ಬೇರೆಯೇ ಕಥೆ ಎಂದು ವಿಶ್ವನಾಥನ್ ಮೊದಲೇ ಗೆರೆ ಎಳೆದುಕೊಂಡಿದ್ದಾರೆ. ಅದು ಪ್ರಾಮಾಣಿಕತೆ, ಒಪ್ಪುತ್ತೇನೆ. ಆದರೆ ರಾಮಮೋಹನ ರಾಯ್ 1823ರಲ್ಲಿ ಗವರ್ನರ್ ಜನರಲ್ ಆಮ್ಹರ್ಸ್ಟನಿಗೆ ಬರೆದ ಕಾಗದವನ್ನು ಓದಿದಾಗಲೆಲ್ಲ ನನಗೆ ಆ ಗೆರೆ ಚುಚ್ಚುತ್ತದೆ. ಸಂಸ್ಕೃತ ಕಾಲೇಜು ಬೇಡ ಎಂದ ರಾಯ್ ಕೇಳಿದ್ದು ಏನು? ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಅಂಗರಚನಾಶಾಸ್ತ್ರ. ಕೇಳಿದ್ದು ವಿಜ್ಞಾನ, ಬಂದದ್ದು ಮುಖ್ಯವಾಗಿ ಕಾವ್ಯ. ಕೇಳಿದವರ ದನಿಯನ್ನೂ ಪಕ್ಕದಲ್ಲಿಟ್ಟು ನೋಡಿದರೆ ಕಥೆ ಇನ್ನೂ ಬಿಸಿಯಾಗುತ್ತದೆ.

ಪುಸ್ತಕದ ಕಣ್ಣು ಬಹಳ ಮಟ್ಟಿಗೆ ಕಲ್ಕತ್ತೆಯ ಮೇಲಿದೆ ಎಂಬುದನ್ನೂ ಮರೆಯಬೇಡಿ. ಪಾದ್ರಿ ಅಂದರೆ ಇಂಗ್ಲಿಷ್ ಎಂಬ ಸಮೀಕರಣ ನಮ್ಮ ಕರಾವಳಿಯಲ್ಲಿ ನಿಲ್ಲುವುದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜರ್ಮನ್ ಮಾತಿನವರು, ಅವರು ಹಿಡಿದದ್ದು ಕನ್ನಡವನ್ನು. ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ, ಕಿಟೆಲ್ 1894ರಲ್ಲಿ ನಿಘಂಟು ಮುಗಿಸಿದ. ಮತ ಹರಡಲು ಬಂದವರು ನಾಗವರ್ಮನ ಛಂದಸ್ಸನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಉದ್ದೇಶ ಒಂದು, ಫಲ ಇನ್ನೊಂದು.

ಮತಾಂತರದ ಬಗ್ಗೆ ವಿಶ್ವನಾಥನ್ ಏನು ಹೇಳುತ್ತಾರೆ ಎಂದು ತಿಳಿಯಬೇಕಾದರೆ ನೀವು ಓದಬೇಕಾದದ್ದು ಅವರ ಎರಡನೆಯ ದೊಡ್ಡ ಪುಸ್ತಕ, 1998ರ ‘ಔಟ್‌ಸೈಡ್ ದಿ ಫೋಲ್ಡ್’. ನಿಮ್ಮ ಸ್ಟಾಫ್ ರೂಮಿನ ವಾದಕ್ಕೆ ಬೇಕಾದ ಮದ್ದು ಅದರಲ್ಲಿದೆ. ಮತಾಂತರ ಎಂದರೆ ಒಬ್ಬರಿಗೆ ತಲೆಬಾಗುವುದು ಎಂದು ನಾವು ಎಣಿಸುತ್ತೇವೆ. ಆಕೆ ಅದನ್ನು ಭಿನ್ನಮತದ ಒಂದು ರೂಪ ಎಂದು ಓದುತ್ತಾರೆ: ಬಿಟ್ಟುಬಂದ ಮನೆಯನ್ನೂ ಪ್ರಶ್ನಿಸುವುದು, ಸೇರಿದ ಮನೆಯನ್ನೂ ಪ್ರಶ್ನಿಸುವುದು. ಆಂಗ್ಲಿಕನ್ ಚರ್ಚು ಬಿಟ್ಟು ಕ್ಯಾಥೊಲಿಕನಾದ ಇಂಗ್ಲೆಂಡಿನ ಪಾದ್ರಿ ನ್ಯೂಮನ್, ಆನಿ ಬೆಸೆಂಟ್, ಪಂಡಿತಾ ರಮಾಬಾಯಿ, ಅಂಬೇಡ್ಕರ್, ಇಷ್ಟು ಬೇರೆಬೇರೆ ಜನರನ್ನು ಅವರು ಒಂದೇ ಹೊಸೆತದಲ್ಲಿ ತರುವುದು ಅದಕ್ಕೇ.

ರಮಾಬಾಯಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, 1858ರಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಜನರ ವಿರೋಧ ಕಟ್ಟಿಕೊಂಡು ಕಾಡು ಸೇರಿದ್ದ ಅನಂತಶಾಸ್ತ್ರಿ ಡೋಂಗ್ರೆ ಅವರ ಮಗಳು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಅಲ್ಲಿಗೆ ಸುಮ್ಮನಾದರೇ? ಇಲ್ಲ. ಸಸ್ಯಾಹಾರ ಬಿಡಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕೆ ಬೇಡ ಎಂದು ಕೇಳಿದರು. ನಮ್ಮೂರ ಪುರೋಹಿತರ ನೊಗವನ್ನು ಇಷ್ಟು ಕಷ್ಟಪಟ್ಟು ಕಳಚಿ ಬಂದಿದ್ದೇನೆ, ಅಂಥದೇ ಇನ್ನೊಂದು ನೊಗಕ್ಕೆ ಹೆಗಲು ಕೊಡಲಾರೆ ಎಂಬರ್ಥದ ಕಾಗದವನ್ನು ತನಗೆ ಆಶ್ರಯ ಕೊಟ್ಟ ಸಿಸ್ಟರ್ ಜೆರಾಲ್ಡಿನ್ ಅವರಿಗೇ ಬರೆದರು. ಈ ಹೆಂಗಸನ್ನು ‘ಮತಾಂತರ ಮಾಡಲಾಯಿತು’ ಎಂದು ಕರ್ಮಣಿಯಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬುದ್ಧನ ಕಡೆ ನಡೆದ ಅಂಬೇಡ್ಕರರ ಬಗ್ಗೆಯೂ ಹಾಗೆ ಹೇಳಲಾಗದು.

ಇದೇ ಪುಸ್ತಕದಲ್ಲಿ ಕೋರ್ಟು ಕಾನೂನಿನ ಭಾಗ ನನಗೆ ಬಹಳ ಹಿಡಿಸಿದ್ದು. ಮತಾಂತರವನ್ನು ಬ್ರಿಟಿಷ್ ಸರ್ಕಾರ ಬೆನ್ನು ತಟ್ಟಿ ಬೆಳೆಸಿತು ಎಂದುಕೊಳ್ಳುತ್ತೇವಲ್ಲ, ಕೋರ್ಟುಗಳಲ್ಲಿ ನಡೆದದ್ದು ಹಾಗಲ್ಲ. ಮತ ಬದಲಿಸಿದವನು ತನ್ನ ಕುಲದ ಮಟ್ಟಿಗೆ ಬದುಕಿದ್ದೂ ಸತ್ತಂತೆ, ಆಸ್ತಿ ಇಲ್ಲ, ಹೆಂಡತಿ ಮಕ್ಕಳಿಲ್ಲ. ಅದನ್ನು ತಪ್ಪಿಸಲು 1850ರಲ್ಲಿ ಕಾಯ್ದೆ ಬಂತು. ಆದರೆ ಹಕ್ಕು ಉಳಿಸುವ ನೆಪದಲ್ಲಿ ಕಾನೂನು ಅವನನ್ನು ಹಳೆಯ ಮತದವನೆಂದೇ ಎಣಿಸುತ್ತ ಹೋಯಿತು. ಅವನು ಏನು ನಂಬಿದ ಎನ್ನುವುದು ಲೆಕ್ಕಕ್ಕೇ ಇಲ್ಲ. ಹತ್ತಿರದ ಉದಾಹರಣೆ ಬೇಕಾದರೆ ಬಳ್ಳಾರಿಯದೇ ಇದೆ. ಮ್ಯಾಥ್ಯೂ ಅಬ್ರಹಾಂ ಎಂಬ ಕ್ರೈಸ್ತ ಅಲ್ಲಿ ಸಾರಾಯಿ ಭಟ್ಟಿ, ಅಂಗಡಿ ನಡೆಸಿ ಶ್ರೀಮಂತನಾಗಿದ್ದ. 1842ರಲ್ಲಿ ಉಯಿಲು ಬರೆಯದೆ ತೀರಿಕೊಂಡ. ನಾವು ಹಿಂದೂ ಅವಿಭಕ್ತ ಕುಟುಂಬದ ಪದ್ಧತಿಯವರು, ನನಗೆ ಪಾಲು ಬರಬೇಕು ಎಂದ ತಮ್ಮ ಫ್ರಾನ್ಸಿಸ್. ಅಲ್ಲ, ನಾವು ಬದುಕಿದ್ದು ಇಂಗ್ಲಿಷ್ ರೀತಿಯಲ್ಲಿ ಎಂದಳು ಹೆಂಡತಿ ಷಾರ್ಲಟ್. ವ್ಯಾಜ್ಯ ಆಗಿನ ಕೊನೆಯ ಮೇಲ್ಮನವಿ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್ಲಿಗೆ ಹೋಗಿ 1863ರಲ್ಲಿ ತೀರ್ಮಾನವಾಯಿತು: ಮತಾಂತರಗೊಂಡವನು ಹಳೆಯ ಕಾನೂನನ್ನು ಬಿಡಲೂಬಹುದು, ಇಟ್ಟುಕೊಳ್ಳಲೂಬಹುದು, ಅವನ ನಡೆನುಡಿ ನೋಡಿ ಹೇಳಬೇಕು ಎಂದು. ಕ್ರಿಸ್ತನನ್ನು ನಂಬಿದ ಎರಡು ಜೀವಗಳು ತಾವು ಹಿಂದೂಗಳೋ ಇಂಗ್ಲಿಷರೋ ಎಂದು ವರ್ಷಗಟ್ಟಲೆ ಜಗಳ ಕಾಯಬೇಕಾಯಿತು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ವಿಶ್ವನಾಥನ್ ಬಿಟ್ಟ ಜಾಗವನ್ನು ತುಂಬುವ ಪುರಾವೆ ನಮ್ಮ ಭಾಷೆಗಳಲ್ಲಿ ಬೇಕಾದಷ್ಟಿದೆ. ಮಿಲ್ಟನ್ ಓದಿದ ಹಿಂದೂ ಕಾಲೇಜಿನ ಮೈಕೇಲ್ ಮಧುಸೂದನ ದತ್ತ 1843ರಲ್ಲಿ ಕ್ರೈಸ್ತನಾದ. ಆದರೆ 1861ರಲ್ಲಿ ಅವನು ಬರೆದ ಬಂಗಾಳಿ ಮಹಾಕಾವ್ಯದ ನಾಯಕ ರಾವಣನ ಮಗ ಮೇಘನಾದ. ನಮ್ಮಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಬಿ.ಎಂ.ಶ್ರೀ. ಅವರಿಂದ ಹೊಸಗನ್ನಡ ಕವಿತೆಯ ಲಯವೇ ಬದಲಾಯಿತು. ಗೋಕಾಕ, ಅಡಿಗ, ಲಂಕೇಶ್, ಅನಂತಮೂರ್ತಿ, ಎಲ್ಲ ಇಂಗ್ಲಿಷ್ ಮೇಷ್ಟ್ರುಗಳೇ. ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಯುವಕ ಕುವೆಂಪು ಅವರಿಗೆ ‘ನಿಮ್ಮ ಭಾಷೆಯಲ್ಲಿ ಬರೆಯಿರಿ’ ಎಂದು 1924ರಲ್ಲಿ ಹೇಳಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ಆನಿ ಬೆಸೆಂಟರ ಥಿಯಾಸಫಿಯ ಬಳಗದವರು. ‘ಶ್ರೀ ರಾಮಾಯಣ ದರ್ಶನಂ’ನ ಆರಂಭದ ಕವಿವಂದನೆ ತೆಗೆದು ನೋಡಿ: ಹೋಮರ್, ವರ್ಜಿಲ್, ಡಾಂಟೆಯರ ಜೊತೆ ಮಿಲ್ಟನ್ ಇದ್ದಾನೆ, ಅವನ ಮಗ್ಗುಲಲ್ಲೇ ನಾರಣಪ್ಪ, ಪಂಪ. ಸುವಾರ್ತೆಗೆ ನೆಲ ಹದ ಮಾಡಲಿ ಎಂದು ಕಳಿಸಿದ್ದ ಕವಿಯನ್ನು ಕುಪ್ಪಳಿಯ ಹುಡುಗ ಗದುಗಿನವನ ಪಕ್ಕ ಕೂರಿಸಿ ಕೈಮುಗಿದ.

ಹಾಗೆಂದು ಎಲ್ಲ ಸರಿಹೋಯಿತು ಎನ್ನುವುದಿಲ್ಲ. ಇಂಗ್ಲಿಷ್ ಬಂದವರು, ಬಾರದವರು ಎಂಬ ಗೋಡೆ ನಿಮ್ಮ ಕ್ಲಾಸಿನ ಮುಂದಿನ ಬೆಂಚಿಗೂ ಹಿಂದಿನ ಬೆಂಚಿಗೂ ನಡುವೆ ಈಗಲೂ ಇದೆ, ಅದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ನೀವು ಮಾಡಬಹುದಾದದ್ದು ಒಂದಿದೆ: ಪಾಠ ಹೇಗೆ ಇಲ್ಲಿಗೆ ಬಂತು ಎಂಬ ಕಥೆಯನ್ನೂ ಪಾಠದ ಜೊತೆಗೇ ಹೇಳಿ. ಅದನ್ನು ಮುಚ್ಚಿಟ್ಟರೆ ಮುಖವಾಡ ಹಾಗೇ ಉಳಿಯುತ್ತದೆ.

ನಾನು ಆ ಸಾನೆಟ್ಟನ್ನು ಕೊನೆಯ ಸಲ ಪಾಠ ಮಾಡಿದ್ದು ಬಯಲುಸೀಮೆಯ ಒಂದು ಸಣ್ಣ ಊರಿನಲ್ಲಿ. ಮೂರು ಆಳುಗಳ ಕಥೆಯನ್ನು ಕನ್ನಡದಲ್ಲಿ ಹೇಳಿ ಮುಗಿಸಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಅಪ್ಪನ ಜೊತೆ ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗಿ ಬರುತ್ತಿದ್ದವಳು, ಎದ್ದು ನಿಂತಳು. ‘ಸರ್, ಐದು ಕೊಟ್ಟೋನಿಗೆ ಒಂದು ಹೋದ್ರೂ ನಾಲ್ಕಿರ್ತಾವ. ಒಂದೇ ಕೊಟ್ಟೋನು ಹೆದರಿ ಹೂತಿಟ್ರ ಅವನದೇನ್ ತಪ್ಪು? ಅವನಿಗೆ ಒಂದೇ ಯಾಕ್ ಕೊಟ್ರು ಅಂತ ಈ ಪದ್ಯದಾಗ ಯಾರೂ ಕೇಳಂಗಿಲ್ಲೇನ್ರಿ?’